ಲ್ಯಾಪ್‌ಲ್ಯಾಂಡಿನ ಮೊದಲ ಹಿಮ: ಉತ್ತರೆ ಮಳೆಯ ಹೊತ್ತಿಗೆ ಹೋಗಬೇಕೇ, ಸ್ವಾತಿಯ ಹೊತ್ತಿಗೆ ಹೋಗಬೇಕೇ?

ಪ್ರಶ್ನೆ (ಜಯನಗರದಿಂದ)

ಎಲ್ಲರಿಗೂ ನಮಸ್ಕಾರ. ನನ್ನ ಮಗ ಮತ್ತು ಸೊಸೆ ಎರಡು ವರ್ಷಗಳಿಂದ ಫಿನ್ಲೆಂಡಿನ ಉತ್ತರ ಭಾಗವಾದ ಲ್ಯಾಪ್‌ಲ್ಯಾಂಡಿನ ರೊವಾನಿಯೆಮಿ ಎಂಬ ಊರಿನಲ್ಲಿ ನೆಲೆಸಿದ್ದಾರೆ. ಆ ಊರು ಹೆಚ್ಚುಕಡಿಮೆ ಆರ್ಕ್‌ಟಿಕ್ ವೃತ್ತದ ಮೇಲೆಯೇ ಇದೆ ಎಂದು ಭೂಪಟದಲ್ಲಿ ನೋಡಿದ್ದೇನೆ. ನಾನೂ ನಮ್ಮ ಯಜಮಾನರೂ ಗಣೇಶನ ಹಬ್ಬ ಮುಗಿಸಿಕೊಂಡು ಹೊರಟು ದೀಪಾವಳಿಗೆ ಮೊದಲು ಬೆಂಗಳೂರಿಗೆ ಮರಳಬೇಕೆಂದು ಯೋಚಿಸುತ್ತಿದ್ದೇವೆ. ನಡುವೆ ಐದಾರು ವಾರ ಅಲ್ಲಿ ಇರಬಹುದು. ನನಗೆ ಅರವತ್ತನಾಲ್ಕು, ಅವರಿಗೆ ಎಪ್ಪತ್ತು. ಅವರ ಬಲಗಾಲಿನ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ, ನಡೆಯುತ್ತಾರೆ, ಆದರೆ ಜಾರುವ ನೆಲವೆಂದರೆ ಭಯಪಡುತ್ತಾರೆ.

ಹಿಮ ಬೀಳುವುದನ್ನು ನಾನು ಇದುವರೆಗೂ ಕಂಡಿಲ್ಲ. ಅದನ್ನು ಒಮ್ಮೆ ಕಣ್ಣಾರೆ ಕಾಣಬೇಕು, ಸಾಧ್ಯವಾದರೆ ಆ ವರ್ಷದ ಮೊದಲ ಹಿಮವನ್ನೇ ಕಾಣಬೇಕು ಎಂಬುದು ನನ್ನ ಬಹುಕಾಲದ ಆಸೆ. ಆದರೆ ಅದು ಯಾವಾಗ ಬೀಳುತ್ತದೆ ಎಂದು ಮಗನನ್ನು ಕೇಳಿದರೆ ನನಗೆ ಸ್ಪಷ್ಟವಾದ ಉತ್ತರ ಸಿಗುತ್ತಿಲ್ಲ. ಕಳೆದ ಸೆಪ್ಟೆಂಬರಿನ ನಡುವಿನಲ್ಲಿ ಅವನು ಫೋನು ಮಾಡಿ, ‘ಬೆಳಿಗ್ಗೆ ಎದ್ದು ನೋಡಿದರೆ ನದಿಯ ಮೇಲೆಲ್ಲ ಮಂಜು, ಅಮ್ಮ’ ಎಂದ. ಹಿಮ ಬಿದ್ದಿತೆಂದೇ ತಿಳಿದು ನಾನು ಮನೆಮಂದಿಗೆಲ್ಲ ಹೇಳಿಬಿಟ್ಟೆ. ಅವನು ಕಳುಹಿಸಿದ ಚಿತ್ರದಲ್ಲಿದ್ದದ್ದು ನಂದಿಬೆಟ್ಟದ ಮುಂಜಾವಿನಲ್ಲಿ ಕಾಣುವಂಥ ಮಂಜು. ಅಕ್ಟೋಬರಿನ ಮೊದಲ ವಾರದಲ್ಲಿ ನಿಜವಾಗಿಯೂ ಹಿಮ ಬಿತ್ತು, ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕರಗಿತಂತೆ. ಅದಾದ ಮೇಲೆ ಮೂರು ವಾರ ಬರೀ ಮಳೆ, ಕೆಸರು, ಕತ್ತಲೆ ಎಂದು ಸೊಸೆ ಹೇಳಿದಳು.

ಅಲ್ಲಿ ವಾಸವಾಗಿದ್ದವರು ಅಥವಾ ಹವಾಮಾನದ ವಿಷಯ ತಿಳಿದವರು ದಯವಿಟ್ಟು ಹೇಳಿ: ಎಲೆಗಳು ಬಣ್ಣ ಬದಲಿಸುವುದನ್ನೂ ಮೊದಲ ಹಿಮವನ್ನೂ ಒಂದೇ ಪ್ರಯಾಣದಲ್ಲಿ ನೋಡಬಹುದೇ? ಬಿದ್ದ ಹಿಮ ನಿಲ್ಲದೆ ಕರಗಿಹೋಗುವುದು ಏಕೆ? ಮಂಡಿನೋವಿರುವವರಿಗೆ ಈ ಅವಧಿಯಲ್ಲಿ ಯಾವ ವಾರಗಳು ಕ್ಷೇಮ?

ಉತ್ತರ (ರಾಜರಾಜೇಶ್ವರಿ ನಗರದಿಂದ)

ಮೇಡಂ ಅವರಿಗೆ ನಮಸ್ಕಾರ. ನಾನು ಕೆಲಸದ ನಿಮಿತ್ತ ನಾಲ್ಕು ವರ್ಷ ರೊವಾನಿಯೆಮಿಯಲ್ಲಿದ್ದು ಈಗ ಬೆಂಗಳೂರಿಗೆ ಮರಳಿದ್ದೇನೆ. ನೀವು ಶೀರ್ಷಿಕೆಯಲ್ಲಿ ಮಳೆ ನಕ್ಷತ್ರಗಳ ಹೆಸರು ಬರೆದದ್ದು ನನಗೆ ತುಂಬ ಹಿಡಿಸಿತು, ಏಕೆಂದರೆ ಅಲ್ಲಿನ ಶರತ್ಕಾಲವನ್ನು ಇಂಗ್ಲಿಷ್ ತಿಂಗಳುಗಳ ಲೆಕ್ಕಕ್ಕಿಂತ ನಮ್ಮ ಮಳೆಗಳ ಲೆಕ್ಕದಲ್ಲಿ ಹೇಳುವುದೇ ಸುಲಭ. ನಮ್ಮಲ್ಲಿ ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನ. ಅಲ್ಲಿಯೂ ಸರಿಸುಮಾರು ಅಷ್ಟೇ ದಿನಗಳಿಗೊಮ್ಮೆ ಊರಿನ ಮುಖವೇ ಬದಲಾಗುತ್ತದೆ.

ಹುಬ್ಬ ಮಳೆಯ ಹೊತ್ತಿಗೆ, ಎಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 13ರ ತನಕ, ರಾತ್ರಿಗಳು ಮೊದಲ ಬಾರಿಗೆ ಸೊನ್ನೆ ಡಿಗ್ರಿಯನ್ನು ಮುಟ್ಟುತ್ತವೆ. ಬೆಳಗಿನ ಹುಲ್ಲಿನ ಮೇಲಿನ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕಾಣುತ್ತದೆ. ಹೊಸಬರು ಅದನ್ನೂ ಹಿಮವೆಂದೇ ತಿಳಿಯುವುದುಂಟು. ಫಿನ್ಲೆಂಡಿನ ತೀರ ಉತ್ತರದ ಇನಾರಿ, ಉತ್ಸ್‌ಯೊಕಿಗಳಲ್ಲಿ ಬಣ್ಣದ ಕಾಲ ಆಗಲೇ ತುಂಬಿರುತ್ತದೆ. ಆ ಬಣ್ಣದ ಕಾಲಕ್ಕೆ ಅಲ್ಲಿನವರು ‘ರುಸ್ಕಾ’ ಎನ್ನುತ್ತಾರೆ. ರುಸ್ಕಾ ಉತ್ತರದಿಂದ ದಕ್ಷಿಣಕ್ಕೆ ಇಳಿದು ಬರುತ್ತದೆ, ಆದ್ದರಿಂದ ರೊವಾನಿಯೆಮಿಗೆ ಅದು ಉತ್ತರೆ ಮಳೆಯ ಹೊತ್ತಿಗೆ ಮುಟ್ಟುತ್ತದೆ. ಸೆಪ್ಟೆಂಬರಿನ ಮೂರನೆಯ ವಾರದಲ್ಲಿ ಊರಿನ ಪಕ್ಕದ ಔನಸ್ವಾರಾ ಗುಡ್ಡದ ಮೇಲೆ ನಿಂತರೆ ಕೆಮಿಯೊಕಿ ಮತ್ತು ಔನಸ್ಯೊಕಿ ಎಂಬ ಎರಡು ನದಿಗಳು ಕೂಡುವ ಜಾಗ ಕಾಣುತ್ತದೆ, ದಡಗಳುದ್ದಕ್ಕೂ ಬರ್ಚ್ ಮರಗಳು ಅರಿಸಿನದ ಬಣ್ಣಕ್ಕೆ ತಿರುಗಿರುತ್ತವೆ. ಮರಗಳನ್ನೇ ನೋಡುತ್ತಾ ನೆಲವನ್ನು ಮರೆಯಬೇಡಿ ಎಂದು ವಿಶೇಷವಾಗಿ ಹೇಳುತ್ತೇನೆ. ಮೊಣಕಾಲಿನೆತ್ತರಕ್ಕೂ ಬಾರದ ಕುಬ್ಜ ಬರ್ಚ್ ಮತ್ತು ಬಿಲ್‌ಬೆರಿ ಗಿಡಗಳು ಕುಂಕುಮದ ಹಾಗೆ ಕೆಂಪಾಗುತ್ತವೆ. ನನ್ನ ಮಟ್ಟಿಗೆ ರುಸ್ಕಾದ ನಿಜವಾದ ಸೊಬಗು ಅಲ್ಲಿರುವುದು.

ಹಸ್ತದ ಮಳೆಯ ಅವಧಿ, ಸೆಪ್ಟೆಂಬರ್ 27ರಿಂದ ಅಕ್ಟೋಬರ್ 10ರ ತನಕ, ಎಲೆ ಉದುರುವ ಕಾಲ. ಒಂದೇ ಜೋರು ಗಾಳಿಗೆ ಇಡೀ ಬೀದಿ ಬೋಳಾಗುತ್ತದೆ. ಮೊದಲ ಹಿಮದ ಸುದ್ದಿ ಸಾಮಾನ್ಯವಾಗಿ ಹಸ್ತದ ಕೊನೆಗೋ ಚಿತ್ತೆಯ ಆರಂಭಕ್ಕೋ ಬರುತ್ತದೆ. ಆದರೆ ಅದು ಬರುವ ರೀತಿಯನ್ನು ನೀವು ತಿಳಿದಿರಬೇಕು. ನಮ್ಮ ಕಲ್ಪನೆಯಲ್ಲಿ ಹಿಮವೆಂದರೆ ನಿಶ್ಶಬ್ದವಾಗಿ ಇಳಿಯುವ ಹತ್ತಿ. ಅಲ್ಲಿ ಮೊದಲು ಬರುವುದು ಹೆಚ್ಚಾಗಿ ಮಳೆಯೂ ಹಿಮವೂ ಬೆರೆತ ಒಂದು ಹಸಿ ಪದಾರ್ಥ. ಅದಕ್ಕೆ ‘ರ‍್ಯಾಂತಾ’ ಎಂಬ ಪ್ರತ್ಯೇಕವಾದ ಹೆಸರೇ ಇದೆ. ಅದು ಅಡ್ಡಗಾಳಿಯೊಡನೆ ಮುಖಕ್ಕೆ ಬಡಿಯುತ್ತದೆ, ಕೋಟನ್ನು ನೆನೆಸುತ್ತದೆ. ರಾತ್ರಿ ಉಷ್ಣತೆ ಇನ್ನೂ ಒಂದೆರಡು ಡಿಗ್ರಿ ಇಳಿದರೆ ಅದೇ ದಪ್ಪ ದಪ್ಪ ಹಿಮದ ಪಕಳೆಗಳಾಗಿ ಬೀಳಲು ತೊಡಗುತ್ತದೆ. ಆ ಹೊತ್ತಿಗೆ ಮನೆಮನೆಯ ಕಿಟಕಿಯಲ್ಲಿ ಜನ ನಿಂತಿರುವುದನ್ನು ನಾನು ಕಂಡಿದ್ದೇನೆ. ಹುಟ್ಟಿದಂದಿನಿಂದ ಹಿಮದಲ್ಲೇ ಬೆಳೆದವರೂ ‘ಎನ್ಸಿಲುಮಿ’, ಎಂದರೆ ಮೊದಲ ಹಿಮ, ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಮ್ಮಲ್ಲಿ ಬೇಸಿಗೆಯ ಮೊದಲ ಮಳೆಗೆ ಮಣ್ಣಿನ ವಾಸನೆ ಬಂದಾಗ ಜನ ಬಾಗಿಲಿಗೆ ಬರುವುದನ್ನು ನೆನಪಿಸಿಕೊಳ್ಳಿ.

ಬಿದ್ದದ್ದು ಕರಗುತ್ತದೆ, ಮತ್ತೆ ಬೀಳುತ್ತದೆ, ಮತ್ತೆ ಕರಗುತ್ತದೆ. ಚಿತ್ತೆ ಮತ್ತು ಸ್ವಾತಿ ಎರಡೂ ಈ ಹಗ್ಗಜಗ್ಗಾಟದಲ್ಲೇ ಕಳೆಯುತ್ತವೆ. ಅಕ್ಟೋಬರಿನ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು ಒಂದು ಡಿಗ್ರಿಯಷ್ಟೇ ಮೇಲಿರುವ ಊರು ಅದು. ಹಿಮ ನಿಲ್ಲುವುದಕ್ಕೂ ನಿಲ್ಲದಿರುವುದಕ್ಕೂ ನಡುವೆ ಇರುವುದು ಅಷ್ಟೇ ಅಂತರ. ವಸಂತದ ತನಕ ಕರಗದೆ ನಿಲ್ಲುವ ಹಿಮದ ಹೊದಿಕೆ ಹಲವು ವರ್ಷಗಳಲ್ಲಿ ನವೆಂಬರಿಗೇ ಬರುವುದು. ಹೀಗಾಗಿ ‘ಮೊದಲ ಹಿಮ ಎಂದು’ ಎಂಬ ಪ್ರಶ್ನೆಗೆ ನಿಮ್ಮ ಮಗ ಸ್ಪಷ್ಟ ಉತ್ತರ ಕೊಡದಿರುವುದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಎಚ್ಚರಿಕೆ. ಲೆವಿ ಮತ್ತು ರುಕಾ ಎಂಬ ಸ್ಕೀಯಿಂಗ್ ತಾಣಗಳ ಬೆಳ್ಳನೆಯ ಇಳಿಜಾರುಗಳ ಚಿತ್ರಗಳು ಅಕ್ಟೋಬರ್ ಆರಂಭದಲ್ಲೇ ಎಲ್ಲೆಡೆ ಕಾಣುತ್ತವೆ. ಅದು ಹೊಸ ಹಿಮವಲ್ಲ. ಹಿಂದಿನ ಚಳಿಗಾಲದ ಹಿಮವನ್ನು ದೊಡ್ಡ ರಾಶಿಯಾಗಿ ಒಟ್ಟಿ, ಮೇಲೆ ಹೊದಿಕೆ ಹಾಸಿ ಬೇಸಿಗೆಯುದ್ದಕ್ಕೂ ಕಾಪಾಡಿ, ಋತು ಆರಂಭಿಸಲು ಹರಡಿರುತ್ತಾರೆ. ಆ ಚಿತ್ರಗಳನ್ನು ನಂಬಿ ಟಿಕೆಟ್ ತೆಗೆದುಕೊಳ್ಳಬೇಡಿ.

ನಿಮ್ಮ ಐದಾರು ವಾರಗಳನ್ನು ಸೆಪ್ಟೆಂಬರ್ 15ರ ಸುಮಾರಿಗೆ ಆರಂಭಿಸಿದರೆ ಬಣ್ಣ ಖಂಡಿತ ಸಿಗುತ್ತದೆ, ಮೊದಲ ಹಿಮ ಬಹುಶಃ ಸಿಗುತ್ತದೆ. ಅಕ್ಟೋಬರ್ ಮೊದಲ ವಾರದಲ್ಲಿ ಆರಂಭಿಸಿದರೆ ಹಿಮ ಹೆಚ್ಚು ಖಚಿತ, ಆದರೆ ಬಣ್ಣ ಕೈತಪ್ಪುತ್ತದೆ. ನಾನಾಗಿದ್ದರೆ ಮೊದಲನೆಯದನ್ನೇ ಆರಿಸಿಕೊಳ್ಳುತ್ತಿದ್ದೆ, ಮರಳುವ ದಿನಾಂಕವನ್ನು ಮಾತ್ರ ಬದಲಾಯಿಸಬಹುದಾದ ಟಿಕೆಟ್ ತೆಗೆದುಕೊಳ್ಳುತ್ತಿದ್ದೆ.

ಉತ್ತರ (ಬಸವನಗುಡಿಯಿಂದ)

ಸೋದರಿಯವರೇ, ನಾನು ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ. ಆ ಸೀಮೆಯಲ್ಲಿ ವಾಸ ಮಾಡಿದವನಲ್ಲ, ಒಮ್ಮೆ ಎರಡು ವಾರ ಇದ್ದು ಬಂದಿದ್ದೇನೆ. ‘ಕರಗಿಹೋಗುವುದು ಏಕೆ’ ಎಂಬ ನಿಮ್ಮ ಪ್ರಶ್ನೆಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಇಡೀ ವಿಷಯದ ಗುಟ್ಟು ಅದರಲ್ಲಿದೆ.

ಮೊದಲು ಪದದ ಮಾತು. ಕನ್ನಡದಲ್ಲಿ ‘ಮಂಜು’ ಎಂಬ ಒಂದೇ ಪದವನ್ನು ನಾವು ಬೆಳಗಿನ ಮುಸುಕಿಗೂ ಇಬ್ಬನಿಗೂ ಹಿಮಕ್ಕೂ ಬಳಸುತ್ತೇವೆ; ನಾವು ಇಲ್ಲಿ ಕಂಡದ್ದು ಮುಸುಕು ಮತ್ತು ಇಬ್ಬನಿ ಮಾತ್ರ ಆದ್ದರಿಂದ ಆಡುಮಾತಿನಲ್ಲಿ ಅವನ್ನು ಬೇರೆ ಮಾಡಿ ಹೇಳುವ ಅಗತ್ಯ ಬೀಳಲಿಲ್ಲ. ಸೆಪ್ಟೆಂಬರಿನಲ್ಲಿ ನಿಮ್ಮ ಮಗ ಕಂಡ ಮಂಜಿಗೂ ಆಮೇಲೆ ಬಿದ್ದ ಹಿಮಕ್ಕೂ ಒಂದು ಸಂಬಂಧವಿದೆ. ಬೇಸಿಗೆಯಲ್ಲಿ ಸೂರ್ಯ ಮುಳುಗದೆ ಕಾಯಿಸಿದ ನದಿ ನೀರು ಬೇಗ ತಣಿಯುವುದಿಲ್ಲ, ಆದರೆ ಮೇಲಿನ ಗಾಳಿ ಒಂದೇ ರಾತ್ರಿಯಲ್ಲಿ ತಣಿಯುತ್ತದೆ. ಬೆಚ್ಚನೆಯ ನೀರಿನಿಂದ ಎದ್ದ ಆವಿ ತಣ್ಣನೆಯ ಗಾಳಿಯಲ್ಲಿ ಕೂಡಲೇ ಸಾಂದ್ರಗೊಂಡು, ಕಾಫಿ ಲೋಟದ ಮೇಲಿನ ಹಬೆಯಂತೆ ನದಿಯ ಮೇಲೆ ನಿಲ್ಲುತ್ತದೆ. ನೆಲ ಮತ್ತು ನೀರು ಇನ್ನೂ ಬೇಸಿಗೆಯಲ್ಲಿವೆ, ಗಾಳಿ ಮಾತ್ರ ಚಳಿಗಾಲಕ್ಕೆ ಕಾಲಿಟ್ಟಿದೆ ಎಂಬುದಕ್ಕೆ ಆ ಮಂಜೇ ಸಾಕ್ಷಿ.

ಮೊದಲ ಹಿಮ ನಿಲ್ಲದಿರುವುದಕ್ಕೂ ಇದೇ ಕಾರಣ. ಹಿಮ ಹುಟ್ಟುವುದು ಮೋಡದೊಳಗಿನ ಚಳಿಯಲ್ಲಿ, ಬೀಳುವುದು ಬೆಚ್ಚನೆಯ ಮಣ್ಣಿನ ಮೇಲೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಬೇಸಿಗೆಯ ಶಾಖವನ್ನು ಕೂಡಿಟ್ಟುಕೊಂಡ ಮಣ್ಣಿಗೆ ತೆಳುವಾದ ಒಂದು ಪದರವನ್ನು ಕರಗಿಸುವಷ್ಟು ದಾಸ್ತಾನು ಇರುತ್ತದೆ. ಹೊಸ ಹಿಮದಲ್ಲಿ ಬಹುಪಾಲು ಗಾಳಿಯೇ. ಹತ್ತು ಸೆಂಟಿಮೀಟರ್ ಹಿಮ ಕರಗಿದರೆ ಸುಮಾರು ಒಂದು ಸೆಂಟಿಮೀಟರ್ ನೀರು ಸಿಗುತ್ತದೆ. ಪ್ರತಿ ಬಾರಿ ಹಿಮ ಬಿದ್ದು ಕರಗಿದಾಗಲೂ ಮಣ್ಣಿನ ದಾಸ್ತಾನಿನಿಂದ ಒಂದಿಷ್ಟು ಖರ್ಚಾಗುತ್ತದೆ. ದಾಸ್ತಾನು ಬರಿದಾದ ಮೇಲೆ ಬಿದ್ದದ್ದು ನಿಲ್ಲುತ್ತದೆ. ಒಮ್ಮೆ ನಿಂತಿತೋ, ಮತ್ತೆ ಅದನ್ನು ಅಲುಗಿಸುವುದು ಕಷ್ಟ: ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡ 80ಕ್ಕೂ ಹೆಚ್ಚನ್ನು ಹಿಂದಕ್ಕೆ ಚಿಮ್ಮಿಸುತ್ತದೆ, ಹಗಲಿನ ಸೂರ್ಯನಿಗೆ ಕಾಯಿಸಲು ಕಪ್ಪು ನೆಲವೇ ಸಿಗುವುದಿಲ್ಲ.

ಸೂರ್ಯನಿಗೂ ಆಗ ಶಕ್ತಿ ಉಳಿದಿರುವುದಿಲ್ಲ. ಹಗಲು ರಾತ್ರಿ ಸಮವಾಗುವ ಸೆಪ್ಟೆಂಬರಿನ ವಿಷುವದ ದಿನ ಬೆಂಗಳೂರಿನಲ್ಲಿ ನಡುಹಗಲ ಸೂರ್ಯ 77 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುತ್ತಾನೆ. ರೊವಾನಿಯೆಮಿಯಲ್ಲಿ ಅದೇ ದಿನ ಇಪ್ಪತ್ತಮೂರೂವರೆ ಡಿಗ್ರಿ, ಅಕ್ಟೋಬರಿನ ನಡುವಿನಲ್ಲಿ ಹದಿನೈದು. ನಮ್ಮಲ್ಲಿ ಆ ದಿನಗಳಲ್ಲಿ ಹಗಲು ದಿನಕ್ಕೆ ಒಂದು ನಿಮಿಷವೂ ಕುಗ್ಗುವುದಿಲ್ಲ, ಅಲ್ಲಿ ಸುಮಾರು ಏಳು ನಿಮಿಷ ಕುಗ್ಗುತ್ತದೆ. ವಾರಕ್ಕೆ ಮುಕ್ಕಾಲು ಗಂಟೆಗೂ ಮೀರಿ ಹಗಲನ್ನು ಕಳೆದುಕೊಳ್ಳುವುದೆಂದರೆ ಏನೆಂದು ನಾನು ಆ ಎರಡು ವಾರಗಳಲ್ಲಿ ಅನುಭವಿಸಿ ತಿಳಿದೆ. ಹೋದ ದಿನ ರಾತ್ರಿ ಊಟಕ್ಕೆ ಬೆಳಕಿತ್ತು, ಹೊರಡುವ ವಾರದಲ್ಲಿ ಅದೇ ಹೊತ್ತಿಗೆ ದೀಪ ಹಚ್ಚಿ ಬಹಳ ಹೊತ್ತಾಗಿರುತ್ತಿತ್ತು.

ಹಿಮ ಬೀಳಲು ನೆಲದ ಬಳಿ ಉಷ್ಣತೆ ಸೊನ್ನೆಗಿಂತ ಕೆಳಗಿರಲೇಬೇಕು ಎಂಬ ನಂಬಿಕೆ ಸಾಮಾನ್ಯವಾಗಿದೆ. ಅದು ಸರಿಯಲ್ಲ. ಗಾಳಿ ಒಣಗಿದ್ದರೆ ಮೂರು ಡಿಗ್ರಿಯಲ್ಲೂ ಹಿಮ ಬೀಳಬಹುದು. ಮಣ್ಣಿನ ಹೂಜಿಯ ನೀರು ಏಕೆ ತಂಪಾಗುತ್ತದೆಂದು ನಿಮಗೆ ಗೊತ್ತು: ಹೊರಮೈಯಿಂದ ಆವಿಯಾಗುವ ನೀರು ತನ್ನೊಡನೆ ಶಾಖವನ್ನೂ ಒಯ್ಯುತ್ತದೆ. ಒಣ ಗಾಳಿಯಲ್ಲಿ ಇಳಿಯುವ ಹಿಮದ ಹಳಕು ಅದೇ ರೀತಿ ಸ್ವಲ್ಪ ಆವಿಯಾಗಿ ತನ್ನನ್ನೂ ಸುತ್ತಲಿನ ಗಾಳಿಯನ್ನೂ ತಂಪಾಗಿಟ್ಟುಕೊಂಡು ನೆಲ ಮುಟ್ಟುತ್ತದೆ. ಆದ್ದರಿಂದ ಫೋನಿನಲ್ಲಿ ‘ಎರಡು ಡಿಗ್ರಿ’ ಎಂದು ಕಂಡ ಕೂಡಲೇ ನಿರಾಶರಾಗಿ ಮಲಗಿಬಿಡಬೇಡಿ. ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೀಳುವ ಆಲಿಕಲ್ಲಿಗೂ ಇದಕ್ಕೂ ಸಂಬಂಧವಿಲ್ಲ. ಅದು ಗುಡುಗು ಮೋಡದ ಮೇಲ್ಮುಖ ಗಾಳಿಯಲ್ಲಿ ಸಿಕ್ಕಿ ಪದರ ಪದರವಾಗಿ ಗಟ್ಟಿಯಾದ ನೀರು. ಹಿಮದ ಹರಳು ಆವಿಯಿಂದ ನೇರವಾಗಿ ಬೆಳೆಯುತ್ತದೆ, ಆದ್ದರಿಂದಲೇ ಅದಕ್ಕೆ ಆ ಆರು ಮೂಲೆಯ ಕುಸುರಿ.

ಎಲೆ ಉದುರುವುದರ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ನಮ್ಮ ಲಾಲ್‌ಬಾಗಿನ ಹಲವು ಮರಗಳು ಎಲೆ ಉದುರಿಸುವುದು ಚಳಿಗೆ ಅಂಜಿ ಅಲ್ಲ, ಮಳೆಯಿಲ್ಲದ ತಿಂಗಳುಗಳಲ್ಲಿ ನೀರು ಉಳಿಸಲು. ಉತ್ತರದ ಬರ್ಚ್ ಮರಕ್ಕೂ ಮುಂದೆ ಬರುವುದು ಒಂದು ಬಗೆಯ ಬರಗಾಲವೇ, ಏಕೆಂದರೆ ಹೆಪ್ಪುಗಟ್ಟಿದ ಮಣ್ಣಿನಿಂದ ಬೇರು ನೀರು ಹೀರಲಾರದು. ಹಗಲು ಕುಗ್ಗುತ್ತಿದ್ದಂತೆ ಮರ ಎಲೆಯ ಹಸಿರನ್ನು ಒಡೆದು ಅದರೊಳಗಿನ ಸಾರವನ್ನು ಕಾಂಡಕ್ಕೆ ಸೆಳೆದುಕೊಳ್ಳುತ್ತದೆ. ಹಸಿರು ಹೋದ ಮೇಲೆ ಮೊದಲಿನಿಂದಲೂ ಅಡಗಿದ್ದ ಹಳದಿ ಹೊರಗೆ ಕಾಣುತ್ತದೆ. ಕೆಂಪು ಬಣ್ಣ ಮಾತ್ರ ಆಗ ಹೊಸದಾಗಿ ತಯಾರಾಗುವುದು. ಎಲೆಯಿರುವಾಗಲೇ ಭಾರವಾದ ಹಸಿ ಹಿಮ ಬಿದ್ದರೆ ಕೊಂಬೆಗಳು ಮುರಿಯುತ್ತವೆ. ಎಲೆ ಮೊದಲು ಬಿದ್ದು ಹಿಮ ಆಮೇಲೆ ಬೀಳುವ ಕ್ರಮ ಮರಗಳಿಗೆ ಜೀವನ್ಮರಣದ ವಿಷಯ.

ಉತ್ತರ (ಮಲ್ಲೇಶ್ವರದಿಂದ)

ಅಮ್ಮನವರಿಗೆ ನಮಸ್ಕಾರ. ಮಂಡಿಯ ವಿಷಯ ಓದಿದ್ದರಿಂದ ಬರೆಯುತ್ತಿದ್ದೇನೆ. ನಾನು ಸ್ವೀಡನ್ನಿನ ಉತ್ತರದ ಲೂಲಿಯೋ ನಗರದಲ್ಲಿ ಓದುತ್ತಿದ್ದಾಗ, ಅಕ್ಟೋಬರ್ ಕೊನೆಯ ಒಂದು ಬೆಳಿಗ್ಗೆ, ಕಣ್ಣಿಗೆ ಒದ್ದೆಯಾದ ಡಾಂಬರಿನಂತೆ ಕಂಡ ದಾರಿಯ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಹಿಂದಿನ ದಿನ ಕರಗಿದ ಹಿಮದ ನೀರು ರಾತ್ರಿ ತೆಳುವಾದ ಗಾಜಿನಂತೆ ಗಟ್ಟಿಯಾಗಿತ್ತು. ಅದರ ಕೆಳಗಿನ ಕಪ್ಪು ಡಾಂಬರೇ ಕಾಣುವುದರಿಂದ ಅಲ್ಲಿ ಏನೂ ಇಲ್ಲವೆಂದೇ ತೋರುತ್ತದೆ. ದಪ್ಪ ಹಿಮದ ಮೇಲೆ ನಡೆಯುವುದು ಅಷ್ಟೇನೂ ಕಷ್ಟವಲ್ಲ, ಕಾಲು ಹೂತು ಹಿಡಿತ ಸಿಗುತ್ತದೆ. ನಿಜವಾದ ಅಪಾಯ ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಈ ಮೂರು ನಾಲ್ಕು ವಾರಗಳದ್ದು.

ಆದ್ದರಿಂದ ಯಜಮಾನರಿಗೆ ಅಡಿಯಲ್ಲಿ ಲೋಹದ ಮೊಳೆಗಳಿರುವ ಬೂಟು ಅಥವಾ ಬೂಟಿನ ಮೇಲೆ ತೊಡಿಸುವ ಮೊಳೆಪಟ್ಟಿಯನ್ನು ಅಲ್ಲಿಯೇ ಕೊಡಿಸಿ. ಇಲ್ಲಿಂದ ದಪ್ಪ ಅಡಿಯ ಶೂ ಒಯ್ದರೆ ಪ್ರಯೋಜನವಿಲ್ಲ. ಆ ಮೊಳೆಗಳೊಂದಿಗೆ ಅಂಗಡಿಯೊಳಗಿನ ನುಣುಪಾದ ಹಾಸುಗಲ್ಲಿನ ಮೇಲೆ ಕಾಲಿಟ್ಟರೆ ಅದೂ ಜಾರುತ್ತದೆ, ಬಾಗಿಲಲ್ಲಿ ನೆನಪು ಮಾಡಿ. ಬೆಳಿಗ್ಗೆ ಹತ್ತರ ಮೊದಲು ಅವರು ಒಬ್ಬರೇ ಹೊರಗೆ ಹೋಗುವುದು ಬೇಡ. ಹಿಮ ಬಿದ್ದ ಮೇಲೆ ಪಾದಚಾರಿ ದಾರಿಗಳಿಗೆ ಸಣ್ಣ ಜಲ್ಲಿ ಹರಡುತ್ತಾರೆ, ಹರಡಿದ ದಾರಿಯಲ್ಲೇ ನಡೆಯಿರಿ.

ಬಟ್ಟೆಯ ವಿಷಯದಲ್ಲಿ ಎಲ್ಲರೂ ಮೈನಸ್ ಇಪ್ಪತ್ತರ ಚಳಿಗೆ ಸಿದ್ಧರಾಗಿ ಹೋಗುತ್ತಾರೆ. ನಿಮಗೆ ಆ ಚಳಿ ಸಿಗುವುದಿಲ್ಲ, ನಿಮಗೆ ಸಿಗುವುದು ಒಂದೆರಡು ಡಿಗ್ರಿಯ ಒದ್ದೆ ಚಳಿ. ಒಳಗೆ ಉಣ್ಣೆ, ಹೊರಗೆ ನೀರು ಒಳಗಿಳಿಯದ ಜಾಕೆಟ್, ಎರಡು ಜೊತೆ ಉಣ್ಣೆಯ ಕಾಲುಚೀಲ ಇದ್ದರೆ ಸಾಕು. ಹತ್ತಿಯ ಬಟ್ಟೆ ನೆನೆದರೆ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಕೋಟಿನ ಕೆಳಅಂಚಿಗೆ ಬೆಳಕು ಪ್ರತಿಫಲಿಸುವ ಸಣ್ಣ ಬಿಲ್ಲೆಯೊಂದನ್ನು ತೂಗುಹಾಕಿಕೊಳ್ಳಿ. ಫಿನ್ಲೆಂಡಿನಲ್ಲಿ ಕತ್ತಲಲ್ಲಿ ನಡೆಯುವವರು ಅದನ್ನು ಬಳಸಬೇಕೆಂಬ ನಿಯಮವೇ ಇದೆ. ಹಿಮ ನಿಂತ ಮೇಲೆ ಚಂದ್ರನ ಬೆಳಕಿನಲ್ಲೂ ಊರು ಬೆಳಗುತ್ತದೆ, ಆದರೆ ಹಿಮಕ್ಕೆ ಮೊದಲಿನ ಅಕ್ಟೋಬರ್ ರಾತ್ರಿಗಳಷ್ಟು ಕಪ್ಪಾದ ಕತ್ತಲೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಉತ್ತರ (ಯಲಹಂಕದಿಂದ)

ಮೇಲಿನ ಉತ್ತರಗಳಲ್ಲಿ ಬಂದ ದಿನಾಂಕಗಳನ್ನು ಯಾರೂ ಪಂಚಾಂಗದಂತೆ ಹಿಡಿದುಕೊಳ್ಳಬಾರದು ಎಂದು ವಿನಂತಿ. ನಾನು ಹವಾಗುಣಕ್ಕೆ ಸಂಬಂಧಿಸಿದ ಕೆಲಸದಲ್ಲಿದ್ದೇನೆ. 1979ರಿಂದ ಈಚೆಗೆ ಆರ್ಕ್‌ಟಿಕ್ ಪ್ರದೇಶ ಇಡೀ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು ಫಿನ್ಲೆಂಡಿನ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದರು. ಈ ಬದಲಾವಣೆ ಬಹಳ ಸ್ಪಷ್ಟವಾಗಿ ಕಾಣುವ ಋತುಗಳಲ್ಲಿ ನೀವು ಕೇಳುತ್ತಿರುವ ಶರತ್ಕಾಲವೂ ಒಂದು. ಆರ್ಕ್‌ಟಿಕ್ ಸಮುದ್ರದ ಮೇಲಿನ ಮಂಜುಗಡ್ಡೆ ವರ್ಷದಲ್ಲೇ ಅತಿ ಕಡಿಮೆಯಾಗುವುದು ಸೆಪ್ಟೆಂಬರಿನಲ್ಲಿ. 2012ರ ಸೆಪ್ಟೆಂಬರಿನಲ್ಲಿ ಅದು ಸುಮಾರು 34 ಲಕ್ಷ ಚದರ ಕಿಲೋಮೀಟರಿಗೆ ಇಳಿದು ದಾಖಲೆಯಾಯಿತು. ಮಂಜುಗಡ್ಡೆಯಿಲ್ಲದೆ ತೆರೆದುಬಿದ್ದ ಸಮುದ್ರ ಬೇಸಿಗೆಯಲ್ಲಿ ಹೀರಿದ ಶಾಖವನ್ನು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಗಾಳಿಗೆ ಮರಳಿಸುತ್ತದೆ, ಚಳಿಗಾಲ ಅಷ್ಟರಮಟ್ಟಿಗೆ ಹಿಂದೆ ಸರಿಯುತ್ತದೆ.

ನಮಗೆ ಇದು ಪ್ರವಾಸದ ದಿನಾಂಕದ ಪ್ರಶ್ನೆ, ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರಿಗೆ ಬದುಕಿನ ಪ್ರಶ್ನೆ. ಹಿಮಸಾರಂಗ ಸಾಕುವ ಅವರು ವರ್ಷವನ್ನು ಎಂಟು ಋತುಗಳಾಗಿ ಎಣಿಸುತ್ತಾರೆ. ಶರತ್ತಿಗೆ ಉತ್ತರ ಸಾಮಿ ಭಾಷೆಯಲ್ಲಿ ‘ಚಾಕ್ಚಾ’ ಎಂದು ಹೆಸರು, ಶರತ್ತಿಗೂ ಚಳಿಗಾಲಕ್ಕೂ ನಡುವಿನ ಕಾಲಕ್ಕೆ ‘ಚಾಕ್ಚಾದಾಲ್ವಿ’ ಎಂಬ ಬೇರೆಯೇ ಹೆಸರು. ನೀವು ನೋಡಲು ಹೊರಟಿರುವುದು ಈ ಎರಡರ ಸಂಧಿಯನ್ನು. ಹಿಮಸಾರಂಗಗಳು ಗೊರಸಿನಿಂದ ಹಿಮ ಕೆದಕಿ ಕೆಳಗಿನ ಕಲ್ಲುಹೂವನ್ನು ತಿಂದು ಚಳಿಗಾಲ ಕಳೆಯುತ್ತವೆ. ಮೊದಲ ಹಿಮದ ಮೇಲೆ ಮಳೆ ಸುರಿದು ಗಟ್ಟಿಯಾದರೆ ಮೇವಿನ ಮೇಲೆ ಮಂಜುಗಡ್ಡೆಯ ಮುಚ್ಚಳ ಬಿದ್ದಂತೆ, ವಾಸನೆ ಹತ್ತದು, ಗೊರಸು ಇಳಿಯದು. 2013ರ ನವೆಂಬರಿನಲ್ಲಿ ರಷ್ಯಾದ ಯಮಾಲ್ ಪರ್ಯಾಯದ್ವೀಪದಲ್ಲಿ ನೆನೆಟ್ಸ್ ಜನರ ಹಿಂಡುಗಳಿಗೆ ಹೀಗೆಯೇ ಆಗಿ ಸುಮಾರು 61,000 ಹಿಮಸಾರಂಗಗಳು ಹಸಿವಿನಿಂದ ಸತ್ತವು. ಬಿದ್ದ ಹಿಮ ಕರಗದೆ ಒಣಗಿಯೇ ಉಳಿಯಲಿ ಎಂದು ಆ ಜನ ಏಕೆ ಹಂಬಲಿಸುತ್ತಾರೆಂದು ಇದರಿಂದ ತಿಳಿಯುತ್ತದೆ.

ಬೆಂಗಳೂರಿಗೂ ಆ ಸೀಮೆಗೂ ಸಂಬಂಧವಿಲ್ಲವೆಂದು ಯಾರೂ ಭಾವಿಸಬೇಕಿಲ್ಲ. ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ಭಾರತದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದಲೂ ಇದೆ. 2023ರ ಡಿಸೆಂಬರಿನಲ್ಲಿ ಮೊತ್ತಮೊದಲ ಬಾರಿಗೆ ಚಳಿಗಾಲದ ಅಧ್ಯಯನಕ್ಕೆ ಅಲ್ಲಿಗೆ ತೆರಳಿದ ತಂಡದಲ್ಲಿ ನಮ್ಮ ನಗರದ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು.

ಪ್ರಶ್ನೆ ಕೇಳಿದವರಿಂದ (ಜಯನಗರ)

ಇಷ್ಟೊಂದು ಶ್ರದ್ಧೆಯಿಂದ ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಯಜಮಾನರಿಗೆ ಎಲ್ಲವನ್ನೂ ಓದಿ ಹೇಳಿದೆ. ಮಲ್ಲೇಶ್ವರದವರ ಮಣಿಕಟ್ಟಿನ ವಿಷಯ ಕೇಳಿ ಅವರು ಮೊಳೆ ಬೂಟಿಗೆ ಒಪ್ಪಿದ್ದಾರೆ, ಇದುವರೆಗೆ ಊರುಗೋಲು ಕೂಡ ಬೇಡವೆನ್ನುತ್ತಿದ್ದವರು. ಸೆಪ್ಟೆಂಬರಿನ ಮೂರನೆಯ ವಾರಕ್ಕೆ ಅಲ್ಲಿ ಇರುವಂತೆ ಹೊರಟು, ಮರಳುವುದನ್ನು ಅಕ್ಟೋಬರಿನ ಕೊನೆಗೆ ಇಟ್ಟುಕೊಂಡಿದ್ದೇವೆ. ಹಿಮಸಾರಂಗಗಳ ಸಾವಿನ ಸಂಗತಿ ಓದಿದ ಮೇಲೆ, ಹಿಮ ಬಂದರೆ ನಿಲ್ಲುವ ಹಿಮವೇ ಬರಲಿ ಎಂದು ನನಗೂ ಅನ್ನಿಸುತ್ತಿದೆ.

ಒಂದು ಸಂದೇಹ ಉಳಿದಿದೆ. ಎತ್ತರದ ಜಾಗಗಳಲ್ಲಿ ಹಿಮ ಬೇಗ ಬೀಳುತ್ತದಲ್ಲವೇ? ಕಿಲ್ಪಿಸ್ಯಾರ್ವಿ ಎಂಬಲ್ಲಿ ಸಾನಾ ಎಂಬ ಬೆಟ್ಟವಿದೆ, ಅಲ್ಲಿ ಸೆಪ್ಟೆಂಬರಿನಲ್ಲೇ ತುದಿ ಬೆಳ್ಳಗಿರುತ್ತದೆ ಎಂದು ಸೊಸೆ ಹೇಳುತ್ತಾಳೆ. ಕೆಳಗೆ ಹಳದಿ, ಮೇಲೆ ಬಿಳಿ, ಎರಡನ್ನೂ ಒಟ್ಟಿಗೆ ನೋಡಲು ಅಲ್ಲಿಗೆ ಹೋಗುವುದು ಸೂಕ್ತವೇ?

ಉತ್ತರ (ರಾಜರಾಜೇಶ್ವರಿ ನಗರದಿಂದ)

ಮೇಡಂ, ನಿಮ್ಮ ಸೊಸೆ ಹೇಳಿದ್ದು ಸರಿ. ಸಾನಾ ಬೆಟ್ಟ 1,029 ಮೀಟರ್ ಎತ್ತರವಿದೆ, ಮೇಲೇರಿದಂತೆ ಗಾಳಿ ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಆದರೆ ಕಿಲ್ಪಿಸ್ಯಾರ್ವಿ ರೊವಾನಿಯೆಮಿಯಿಂದ ನಾನೂರು ಕಿಲೋಮೀಟರಿಗೂ ದೂರ, ಅಷ್ಟು ಹೊತ್ತು ಕಾರಿನಲ್ಲಿ ಕೂರುವುದು ಮಂಡಿಗೆ ಹಿತವಲ್ಲ. ಇನ್ನೊಂದು ತೊಡಕೆಂದರೆ, ಬಣ್ಣದ ಕಾಲ ಅಲ್ಲಿ ಸೆಪ್ಟೆಂಬರಿನ ಮೊದಲ ಹದಿನೈದು ದಿನಗಳಲ್ಲೇ ತುಂಬುವುದರಿಂದ ನೀವು ತಲುಪುವ ಹೊತ್ತಿಗೆ ಎಲೆಗಳು ಬಹುಪಾಲು ಉದುರಿರುತ್ತವೆ.

ಅದಕ್ಕೆ ಬದಲಾಗಿ ಉಲ್ಲಾಸ್ ಬೆಟ್ಟವನ್ನು ಯೋಚಿಸಿ. ಹೆಸರು ಕೇಳಲು ನಮ್ಮ ‘ಉಲ್ಲಾಸ’ದಂತೆಯೇ ಇದೆ. ರೊವಾನಿಯೆಮಿಯಿಂದ ಇನ್ನೂರು ಕಿಲೋಮೀಟರಿಗಿಂತ ಕಡಿಮೆ ದೂರ, ಎತ್ತರ 718 ಮೀಟರ್, ಬುಡಕ್ಕೂ ತುದಿಗೂ ನಾನೂರೈವತ್ತು ಮೀಟರಿಗಿಂತ ಹೆಚ್ಚಿನ ವ್ಯತ್ಯಾಸವಿದೆ. ಕೆಳಗೆ ಮೂರು ಡಿಗ್ರಿಯಲ್ಲಿ ಮಳೆ ಹನಿಯುತ್ತಿದ್ದರೆ ಮೇಲೆ ಸೊನ್ನೆಯಲ್ಲಿ ಹಿಮ ಬೀಳುತ್ತಿರುತ್ತದೆ ಎಂದು ಲೆಕ್ಕ ಹಾಕಿಕೊಳ್ಳಬಹುದು. ಅಲ್ಲಿ ಮೇಲಕ್ಕೆ ಒಯ್ಯುವ ಗೊಂಡೋಲಾ ಇದೆ, ಯಜಮಾನರು ಹತ್ತಬೇಕಾಗಿಲ್ಲ. ಅದು ಓಡುವ ದಿನಗಳನ್ನು ಮಾತ್ರ ಮಗನಿಂದ ಮೊದಲೇ ವಿಚಾರಿಸಿಕೊಳ್ಳಿ. ಸೆಪ್ಟೆಂಬರಿನ ಕೊನೆಯ ವಾರದಲ್ಲಿ, ಉತ್ತರದ ಗಾಳಿ ಬೀಸಿ ಮೋಡ ಕವಿದ ಮರುದಿನ ಬೆಳಿಗ್ಗೆ ಹೊರಡುವಂತೆ ಒಂದೆರಡು ದಿನಗಳನ್ನು ಖಾಲಿ ಇಟ್ಟುಕೊಳ್ಳಿ. ದಾರಿಯಲ್ಲಿ ಹಿಮಸಾರಂಗಗಳು ರಸ್ತೆಗೆ ಅಡ್ಡ ಬರುತ್ತವೆ, ಮುಸ್ಸಂಜೆಯ ಮೊದಲೇ ಮರಳುವಂತೆ ಮಗನಿಗೆ ಹೇಳಿ.